ಗಣಕಯಂತ್ರದಲ್ಲಿ ಗೃಹಸ್ಥನ ಹೆಸರು

ನಮ್ಮ ಸೀಮೆಯ ಸಿದ್ದರಬೆಟ್ಟದ ಹೆಸರನ್ನು ಬರೆಯುವ ವಿಷಯದಲ್ಲಿ ಬಹುಕಾಲದಿಂದ ಎರಡು ಪಕ್ಷಗಳುಂಟು. ಕೆಲವರು ಅಲ್ಪಪ್ರಾಣದಿಂದ ‘ಸಿದ್ದರಬೆಟ್ಟ’ವೆಂದು ಬರೆಯುವರು, ಮತ್ತೆ ಕೆಲವರು ಮಹಾಪ್ರಾಣವನ್ನು ಸೇರಿಸಿ ‘ಸಿದ್ಧರಬೆಟ್ಟ’ವೆಂದು ಬರೆಯುವರು. ಸಂಸ್ಕೃತವನ್ನು ಓದಿದವರಿಗೆ ಎರಡನೆಯ ರೂಪದಲ್ಲಿ ಅಭಿಮಾನ ಹೆಚ್ಚು. ಏಕೆಂದರೆ ಮೂಲಶಬ್ದದಲ್ಲಿ ಧಕಾರವಿದೆ. ಆದರೆ ಶಬ್ದವು ಕನ್ನಡಿಗರ ಬಾಯಿಗೆ ಬಂದು ನಾಲಗೆಗೆ ಒಗ್ಗಿಕೊಂಡ ಮೇಲೆ ಮೊದಲನೆಯ ರೂಪವನ್ನು ತಪ್ಪೆನ್ನುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ನಾವು ಪಾಠ ಹೇಳುತ್ತಿದ್ದ ದಿನಗಳಲ್ಲಿ ಹುಡುಗರು ಹೇಗೆ ಬರೆದರೂ ಅಂಕ ಕೊಡುತ್ತಿದ್ದೆವು. ಕೊರಟಗೆರೆಯ ಕಡೆಯಿಂದ ಬಂದ ಯಾತ್ರಿಕನು ಯಾವ ಫಲಕವನ್ನು ಓದಿಕೊಂಡು ಬಂದರೂ ಹತ್ತುವುದು ಒಂದೇ ಬೆಟ್ಟವನ್ನು. ಮೂಲಿಕೆಗಾಗಿ ಬಂದವನಿಗೆ ಸಿಕ್ಕುವುದು ಅದೇ ಮೂಲಿಕೆ.

ಈ ಉದಾರತೆಯು ಗಣಕಯಂತ್ರಕ್ಕೆ ಇಲ್ಲ. ಅದರ ಲೆಕ್ಕದಲ್ಲಿ ಇವು ಎರಡು ಬೆಟ್ಟಗಳು. ಬೆಟ್ಟದ ಹೆಸರು ಹಾಗಾದರೆ ಬೆಟ್ಟಕ್ಕೇನೂ ನಷ್ಟವಿಲ್ಲ. ಆದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಸಿದ್ದಪ್ಪ, ಸಿದ್ದಮ್ಮ, ಸಿದ್ದಲಿಂಗಯ್ಯ, ಸಿದ್ದಗಂಗಮ್ಮ ಎಂಬ ಹೆಸರಿನವರು ಇಲ್ಲದ ಊರೇ ವಿರಳ. ಇವರ ಹೆಸರು ಒಂದು ಕಡತದಲ್ಲಿ ಒಂದು ವಿಧವಾಗಿಯೂ ಇನ್ನೊಂದು ಕಡತದಲ್ಲಿ ಇನ್ನೊಂದು ವಿಧವಾಗಿಯೂ ಇದ್ದರೆ, ಒಬ್ಬ ಮನುಷ್ಯನು ಇಬ್ಬರಾಗುವನು. ಮತ್ತು ಆ ಇಬ್ಬರಲ್ಲಿ ಯಾರಿಗೂ ಹಣ ಬರುವುದಿಲ್ಲ. ಗಣಕಯಂತ್ರದ ಗುಣದೋಷಗಳನ್ನು ಕುರಿತು ಪಟ್ಟಣದ ವಿದ್ವಾಂಸರು ಬಹಳವಾಗಿ ಚರ್ಚಿಸುತ್ತಿರುವರು. ಯಂತ್ರವು ಮನುಷ್ಯನನ್ನು ಮೀರಿಸುವುದೋ ಇಲ್ಲವೋ ಎಂಬ ಪ್ರಶ್ನೆಯು ಅವರಿಗಿರಲಿ. ಗೃಹಸ್ಥರಾದವರು ಮೊದಲು ವಿಚಾರಿಸತಕ್ಕುದು, ಯಂತ್ರದೊಳಗೆ ತಮ್ಮ ಮನೆಯವರ ಹೆಸರು ಹೇಗೆ ಬರೆದಿದೆ, ಅದು ತಪ್ಪಾಗಿದ್ದರೆ ಯಾರು ತಿದ್ದುವರು, ಎಂಬಿಷ್ಟನ್ನೇ.

ಗಣಕಯಂತ್ರವು ಅಕ್ಷರವನ್ನು ನಮ್ಮಂತೆ ಕಣ್ಣಿನಿಂದ ನೋಡುವುದೂ ಇಲ್ಲ, ಕಿವಿಯಿಂದ ಕೇಳುವುದೂ ಇಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನು ನಿಯಮಿಸಿದ ‘ಯೂನಿಕೋಡ್’ ಎಂಬ ಏರ್ಪಾಡು 1991ನೆಯ ಇಸವಿಯಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೂ ಆಗಲೇ ಸ್ಥಳ ದೊರೆಯಿತು. 3200 ರಿಂದ 3327 ರವರೆಗಿನ 128 ಸ್ಥಾನಗಳು ನಮ್ಮವು. ಕಕಾರಕ್ಕೆ 3221, ಖಕಾರಕ್ಕೆ 3222, ಹೀಗೆ ವರ್ಗಾಕ್ಷರಗಳು ನಮ್ಮ ವರ್ಣಮಾಲೆಯ ಕ್ರಮದಲ್ಲಿಯೇ ಕುಳಿತಿರುವುದನ್ನು ಕಂಡಾಗ ಹಳೆಯ ಉಪಾಧ್ಯಾಯನ ಮನಸ್ಸಿಗೆ ಸಂತೋಷವಾಗದೆ ಇರದು. ಕಂಠದಿಂದ ಹೊರಟು ತುಟಿಯವರೆಗೆ ಬರುವ ಆ ಅನುಕ್ರಮವನ್ನು ಕಂಡವರು ನಮ್ಮ ಪ್ರಾಚೀನ ಶಿಕ್ಷಾಕಾರರು. ಪರದೇಶದ ಯಂತ್ರವೂ ಅದಕ್ಕೆ ತಲೆಬಾಗಿತು. ಇದರಲ್ಲಿ ದಕಾರದ ಸಂಖ್ಯೆ 3238, ಧಕಾರದ್ದು 3239. ಒಂದೇ ಒಂದು ಅಂಕದ ಭೇದ. ಆದರೆ 3238 ಬೇರೆ, 3239 ಬೇರೆ. ಸಮೀಪವೆಂಬ ದಾಕ್ಷಿಣ್ಯವು ಯಂತ್ರಕ್ಕೆ ತಿಳಿಯದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಕಟವಿದೆ. ಇದು ಕನ್ನಡಿಗರಿಗೆ ವಿಶೇಷವಾಗಿ ಒದಗಿದ್ದು. ಅನುಸ್ವಾರವನ್ನು ನಾವು ಮಕ್ಕಳಿಗೆ ‘ಸೊನ್ನೆ’ ಎಂದೇ ಕಲಿಸುತ್ತೇವೆ. ಲೆಕ್ಕದ ಶೂನ್ಯವೂ ಸೊನ್ನೆಯೇ. ಕಾಗದದ ಮೇಲೆ ಎರಡೂ ಒಂದೇ ದುಂಡು. ಯಂತ್ರದಲ್ಲಿಯಾದರೋ ಅನುಸ್ವಾರವು 3202, ಕನ್ನಡದ ಅಂಕೆ ಸೊನ್ನೆಯು 3302. ಅವಸರದಲ್ಲಿ ಬರೆಯುವವನು ಅನುಸ್ವಾರದ ಕೀಲಿಗೆ ಬದಲಾಗಿ ಅಂಕೆಯ ಕೀಲಿಯನ್ನು ಒತ್ತಿ ‘ಗಂಗಮ್ಮ’ ಎಂದು ಬರೆದರೆ ಓದುವವರ ಕಣ್ಣಿಗೆ ಯಾವ ದೋಷವೂ ಕಾಣುವುದಿಲ್ಲ. ಅಚ್ಚು ಮಾಡಿ ಕೊಟ್ಟರೂ ಕಾಣುವುದಿಲ್ಲ. ಆದರೆ ಮುಂದೆ ಯಾರಾದರೂ ಸರಿಯಾದ ಅನುಸ್ವಾರದಿಂದ ಆ ಹೆಸರನ್ನು ಹುಡುಕಿದರೆ ‘ಅಂಥವರು ಯಾರೂ ಇಲ್ಲ’ವೆಂದು ಯಂತ್ರವು ಉತ್ತರ ಕೊಡುವುದು. ಗಂಗಮ್ಮ, ರಂಗಪ್ಪ, ನಂಜಮ್ಮ, ಲಿಂಗಣ್ಣ ಇವರೆಲ್ಲರೂ ಹೀಗೆ ಇದ್ದೂ ಇಲ್ಲದವರಾಗಬಹುದು. ಒಂದು ಸ್ವರವು ತಪ್ಪಿದ್ದರಿಂದ ‘ಇಂದ್ರಶತ್ರು’ ಎಂಬ ಶಬ್ದದ ಅರ್ಥವು ತಲೆಕೆಳಗಾಗಿ, ಮಂತ್ರವನ್ನು ಹೇಳಿದವನ ಉದ್ದೇಶವೇ ಕೆಟ್ಟಿತೆಂದು ನಮ್ಮ ವೈಯಾಕರಣರು ಹೇಳುವ ಕಥೆಯನ್ನು ಕೇಳಿ ಈಗಿನ ವಿದ್ಯಾರ್ಥಿಗಳು ನಗುವುದುಂಟು. ಅವರು ಒಮ್ಮೆ ಪಹಣಿಯ ಕಿಟಕಿಯ ಮುಂದೆ ನಿಂತು ನೋಡಲಿ.

ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮೊದಲು ನಮ್ಮಲ್ಲಿ ಇದಕ್ಕಿಂತ ದೊಡ್ಡ ಅರಾಜಕತೆಯಿತ್ತು. ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆಯನ್ನು ರೂಪಿಸಿ, ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಮಾಡಿ ಬೆಲೆಯಿಲ್ಲದೆ ಹಂಚಿದರು. ಶೇಷಾದ್ರಿವಾಸು ಅವರ ‘ಬರಹ’ವು 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನವರು ‘ನುಡಿ’ಯನ್ನು ಸಿದ್ಧಪಡಿಸಿದರು; ಅದರ ಕೀಲಿಮಣೆಗೂ ರಾಯರ ವಿನ್ಯಾಸವೇ ಆಧಾರ. ಈ ಮಹನೀಯರ ಉಪಕಾರವನ್ನು ಕನ್ನಡಿಗರು ಮರೆಯತಕ್ಕುದಲ್ಲ. ಆದರೆ ಆ ಕಾಲದ ತಂತ್ರಾಂಶಗಳಲ್ಲಿ ಪ್ರತಿಯೊಂದೂ ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ತನ್ನದೇ ಕ್ರಮದಲ್ಲಿ ಇರಿಸಿ ಕೆಲಸ ನಡೆಸಬೇಕಾಗಿತ್ತು. ಅದರ ಫಲವೇನೆಂದರೆ, ಒಂದು ಕಡೆ ಬರೆದದ್ದನ್ನು ಅದೇ ಅಕ್ಷರಮಾದರಿಯಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಕನ್ನಡವು ಮಾಯವಾಗಿ ಯಾವ ಭಾಷೆಗೂ ಸೇರದ ಚಿಹ್ನೆಗಳ ಸಂತೆ ಕಾಣುತ್ತಿತ್ತು. ಬರಹವೂ ನುಡಿಯೂ ಈಗ ಯೂನಿಕೋಡನ್ನು ಒಪ್ಪಿಕೊಂಡಿವೆ. ಹೀಗಿದ್ದರೂ ಅನೇಕ ಮುದ್ರಣಾಲಯಗಳಲ್ಲಿಯೂ ಬೆರಳಚ್ಚಿನ ಅಂಗಡಿಗಳಲ್ಲಿಯೂ ಹಳೆಯ ಅಭ್ಯಾಸವೇ ನಡೆದುಬರುತ್ತಿದೆ. ಮನೆಯ ವಿಭಾಗಪತ್ರವನ್ನೋ ವಂಶವೃಕ್ಷವನ್ನೋ ಬೆರಳಚ್ಚು ಮಾಡಿಸುವವರು ‘ಯೂನಿಕೋಡಿನಲ್ಲಿ ಮಾಡಿಕೊಡಿ’ ಎಂದು ಒಂದು ಮಾತು ಹೇಳಿದರೆ ಸಾಕು. ಮುಂದೆ ಮೊಮ್ಮಕ್ಕಳು ಅದನ್ನು ತೆರೆದು ಓದಬಲ್ಲರು. ಖರ್ಚೇನೂ ಹೆಚ್ಚಾಗದು.

ಇನ್ನು ಪಹಣಿಯ ಮಾತಿಗೆ ಬರೋಣ.

ಗಣಕಯಂತ್ರವು ನಮ್ಮ ಹಳ್ಳಿಗಳ ಬಾಳಿನೊಳಗೆ ನಿಜವಾಗಿ ಪ್ರವೇಶಿಸಿದ್ದು ‘ಭೂಮಿ’ ಎಂಬ ಯೋಜನೆಯ ಮೂಲಕ. ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ, ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳ ಮುಂದಾಳುತನದಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. 2002ರ ವೇಳೆಗೆ 177 ತಾಲ್ಲೂಕುಗಳಲ್ಲಿ ಕಿಟಕಿಗಳು ತೆರೆದವು. 15 ರೂಪಾಯಿ ಕೊಟ್ಟವರಿಗೆ ಅಚ್ಚಾದ ಪಹಣಿ ದೊರೆಯಿತು. ಕೈಬರಹದ ಪಹಣಿಗೆ ಮಾನ್ಯತೆ ನಿಂತುಹೋಯಿತು. ಅದಕ್ಕೆ ಹಿಂದಿನ ಕಾಲವನ್ನು ಕಂಡವರಿಗೆ ಇದು ಎಂಥ ಬದಲಾವಣೆಯೆಂಬುದು ಗೊತ್ತು. ವಂಶಪಾರಂಪರ್ಯದ ಶಾನುಭೋಗಿಕೆಯು 1961ರ ಶಾಸನದಿಂದ ರದ್ದಾಗಿ ಸಂಬಳದ ಗ್ರಾಮಲೆಕ್ಕಿಗರು ಬಂದಿದ್ದರು. ಆದರೂ ಪುಸ್ತಕವು ಒಬ್ಬನ ಕಂಕುಳಲ್ಲಿಯೇ ಇರುತ್ತಿತ್ತು. ಅವನ ದರ್ಶನಕ್ಕಾಗಿ ಕಾಯಬೇಕು, ಅವನ ಮರ್ಜಿಯನ್ನು ಹಿಡಿಯಬೇಕು, ಅವನು ಬರೆದದ್ದೇ ಬರಹ. ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಶಾನುಭೋಗನಿಗೆ ಊರಿನವರೆಲ್ಲರ ಮುಖಪರಿಚಯವಿತ್ತೆಂಬುದು ದಿಟ; ಆ ಪರಿಚಯವು ಕೆಲವರಿಗೆ ಅನುಕೂಲವಾಗಿಯೂ ಕೆಲವರಿಗೆ, ಅದರಲ್ಲಿಯೂ ವಿಧವೆಯರಿಗೆ ಮತ್ತು ಊರ ಹೊರಗಿನ ಕೇರಿಯವರಿಗೆ, ಪ್ರತಿಕೂಲವಾಗಿಯೂ ಪರಿಣಮಿಸುತ್ತಿತ್ತೆಂಬುದೂ ಅಷ್ಟೇ ದಿಟ.

‘ಭೂಮಿ’ಯ ಏರ್ಪಾಡುಗಳಲ್ಲಿ ನಮಗೆ ಬಹಳ ಮೆಚ್ಚುಗೆಯಾದದ್ದು ಒಂದು ಸಣ್ಣ ವಿಷಯ. ಕಿಟಕಿಯಲ್ಲಿ ಗುಮಾಸ್ತನ ಕಡೆಗೆ ಒಂದು ತೆರೆಯಿದ್ದರೆ, ರೈತನ ಕಡೆಗೆ ತಿರುಗಿದ ಎರಡನೆಯ ತೆರೆಯೊಂದನ್ನು ಇಡಬೇಕೆಂದು ಗೊತ್ತುಮಾಡಿದ್ದರು. ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಹೊರಗೆ ನಿಂತವನೂ ನೋಡಬೇಕು, ಎಂಬುದು ಇದರ ಆಶಯ. ಈ ಎರಡನೆಯ ತೆರೆಯನ್ನು ಕಲ್ಪಿಸಿದವರು ಯಾರೋ, ಅವರಿಗೆ ಧರ್ಮದ ಮರ್ಮ ಗೊತ್ತಿತ್ತು. ಯಾವನ ವಿಷಯವಾಗಿ ಬರೆಯುತ್ತೇವೆಯೋ ಅವನಿಗೆ ಕಾಣುವಂತೆ ಬರೆಯುವುದು. ಲೆಕ್ಕಣಿಕೆ ಹಿಡಿದವನಿಗೆ ಇದಕ್ಕಿಂತ ದೊಡ್ಡ ವ್ರತವಿಲ್ಲ. ಈಗ ಪಹಣಿಯು ಮೊಬೈಲಿನಲ್ಲಿಯೇ ದೊರೆಯುವುದರಿಂದ ಎರಡನೆಯ ತೆರೆಯು ಎಲ್ಲರ ಜೇಬಿನಲ್ಲಿಯೂ ಇದೆಯೆಂದು ಹೇಳಬಹುದು. ಆದರೆ ಓದಲು ಬಾರದವರ ಜೇಬಿನಲ್ಲಿರುವ ತೆರೆಯು ಅವರಿಗೆ ಕನ್ನಡಿಯಷ್ಟೂ ಉಪಯೋಗಕ್ಕೆ ಬಾರದು.

ಯೋಜನೆಯನ್ನು ಎಲ್ಲರೂ ಹೊಗಳಿದರೆಂದಲ್ಲ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು, ಊರಿನ ಮಟ್ಟದಲ್ಲಿ ಚದುರಿಹೋಗಿದ್ದ ಅಧಿಕಾರವು ಮೇಲಕ್ಕೆ ಹೋಗಿ ಸೇರಿದುದರಿಂದ ಬೆಂಗಳೂರಿನ ಸುತ್ತಣ ಭೂವ್ಯಾಪಾರದಲ್ಲಿ ದೊಡ್ಡವರಿಗೇ ಅನುಕೂಲವಾಯಿತೆಂದು ವಾದಿಸಿದರು. ಆ ವಾದದ ಪೂರ್ವೋತ್ತರ ಪಕ್ಷಗಳನ್ನು ಇಲ್ಲಿ ಬೆಳೆಸಲಾರೆವು. ನಮ್ಮ ಭಾಗದಲ್ಲಿ ನಾವು ಕಂಡ ತೊಡಕು ಬೇರೆ ಜಾತಿಯದು. ಎರಡು ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿದವರು ದಿನಗೂಲಿಯ ಬೆರಳುಗಳಿಂದ ದುಡಿಯುತ್ತಿದ್ದ ಯುವಕ ಯುವತಿಯರು. ಅವರ ಮುಂದಿದ್ದದ್ದು ಹಲವು ಕೈಗಳ ಮೋಡಿಬರಹ. ‘ಕೋಂ’ ಎಂಬುದು ‘ಬಿನ್’ ಆದದ್ದು, ಗುಂಟೆಯ ಚುಕ್ಕೆ ಸರಿದದ್ದು, ದಕಾರವು ಧಕಾರವಾದದ್ದು ಆಶ್ಚರ್ಯವಲ್ಲ. ಅಷ್ಟು ದೊಡ್ಡ ಕೆಲಸದಲ್ಲಿ ತಪ್ಪುಗಳು ಇಷ್ಟೇ ಆದದ್ದೇ ಆಶ್ಚರ್ಯ. ತಪ್ಪಾಗುವುದಕ್ಕೆ ಒಂದು ಕ್ಷಣ ಸಾಕಾಯಿತು. ಅದನ್ನು ತಿದ್ದಿಸುವುದಕ್ಕೆ ಅರ್ಜಿ, ಹಳೆಯ ಕೈಬರಹದ ನಕಲು, ವಂಶವೃಕ್ಷ, ಪ್ರಮಾಣಪತ್ರ, ತಹಶೀಲ್ದಾರರ ಅಥವಾ ಮಧುಗಿರಿಯಲ್ಲಿ ಕುಳಿತಿರುವ ಉಪವಿಭಾಗಾಧಿಕಾರಿಗಳ ಆಜ್ಞೆ ಇಷ್ಟೂ ಬೇಕು. ಪಾವಗಡದ ಗಡಿಯ ಊರಿನಿಂದ ಕೂಲಿಯನ್ನು ಬಿಟ್ಟು ಬಸ್ಸು ಹತ್ತುವವನಿಗೆ ಒಂದು ಅಕ್ಷರದ ಬೆಲೆ ಎಷ್ಟೆಂಬುದನ್ನು ಆಜ್ಞೆಯನ್ನು ಬರೆಯುವವರು ಒಮ್ಮೆಯಾದರೂ ಲೆಕ್ಕಹಾಕಿದರೆ ಒಳ್ಳೆಯದು.

ಮೊದಲು ಈ ತಪ್ಪುಗಳು ಕಡತದಲ್ಲಿಯೇ ನಿದ್ರಿಸುತ್ತಿದ್ದವು. ಊರಿನವರು ಪರಸ್ಪರ ಬಲ್ಲವರಾದ್ದರಿಂದ ಉಳುಮೆಯು ನಿಲ್ಲುತ್ತಿರಲಿಲ್ಲ. ಕಡತಗಳನ್ನು ಒಂದಕ್ಕೊಂದು ಹೆಣೆಯುವ ಕೆಲಸ ಮೊದಲಾದಾಗ ಅವು ಎಚ್ಚೆತ್ತವು. ಆಧಾರ್ ಚೀಟಿಯಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಒಂದು, ಪಹಣಿಯಲ್ಲಿ ಮತ್ತೊಂದು. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ವರ್ಷಕ್ಕೆ 6000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವುದು; ನಮ್ಮ ರಾಜ್ಯದಲ್ಲಿ ರೈತನ ಹೆಸರು ‘ಫ್ರೂಟ್ಸ್’ ಎಂಬ ಪಟ್ಟಿಯಲ್ಲಿಯೂ ಸೇರಿರಬೇಕು. ಇವುಗಳಲ್ಲಿ ಎಲ್ಲಿಯಾದರೂ ಹೆಸರು ಹೊಂದದಿದ್ದರೆ ಕಂತು ನಿಲ್ಲುವುದು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ ಸೌರವಿದ್ಯುತ್ತಿನ ತಾಣವನ್ನು ವಾಚಕರು ಕೇಳಿರಬಹುದು. ಅಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಂತೆ ಏರಿಸುವ ಗೇಣಿಗೆ ಹಿಡಿದಿರುವರು. ಮಳೆಯಿಲ್ಲದ ಆ ಸೀಮೆಗೆ ಇದು ಸಣ್ಣ ಮೊತ್ತವಲ್ಲ. ಗೇಣಿಯು ಪಹಣಿಯಲ್ಲಿ ಹೆಸರಿರುವವನಿಗೆ ಸಲ್ಲತಕ್ಕುದು. ಹೆಸರು ಕಾಲವಾದ ಅಜ್ಜನದೇ ಆಗಿದ್ದರೆ ಮೊಮ್ಮಕ್ಕಳು ಪೌತಿ ಖಾತೆ ಮಾಡಿಸಿಕೊಂಡು ಬರಬೇಕು. ತೆಲುಗಿನ ಮನೆಮಾತಿನವರು ಬಹುಸಂಖ್ಯೆಯಲ್ಲಿರುವ ಪ್ರದೇಶವಾದುದರಿಂದ ಅಲ್ಲಿ ಅಜ್ಜನ ಹೆಸರು ತೆಲುಗಿನಲ್ಲಿ ಒಂದು ಬಗೆ, ಕನ್ನಡದಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಮೂರು ಬಗೆ.

ಇಂಗ್ಲಿಷಿನ ಮಾತು ಬಂದದ್ದರಿಂದ ಹೇಳುತ್ತೇವೆ. ನಮ್ಮ ಹೆಸರುಗಳ ತೊಡಕಿನಲ್ಲಿ ಅರ್ಧಕ್ಕೆ ಅರ್ಧ ಹುಟ್ಟುವುದು ಇಲ್ಲಿಂದಲೇ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಹೊರಳಿಸಿ, ಯಂತ್ರವು ಅದನ್ನು ಪುನಃ ಕನ್ನಡಕ್ಕೆ ಹೊರಳಿಸುವಾಗ, ಹೋದ ಹೆಸರು ಬಂದ ಹೆಸರಾಗಿ ಉಳಿದಿರುವುದಿಲ್ಲ. ‘ಎಚ್’ ಎಂಬ ಒಂದು ಅಕ್ಷರದ ಹಾಜರಿ ಗೈರುಹಾಜರಿಯ ಮೇಲೆ ಸಿದ್ದಮ್ಮನು ಸಿದ್ಧಮ್ಮನಾಗುವಳು. ಒಂದು ಸೇವಾಕೇಂದ್ರದಲ್ಲಿ ನಾವೇ ಕಂಡ ಸಂಗತಿಯಿದು. ವಿಧವಾವೇತನವು ನಿಂತುಹೋಗಿದ್ದ ಎಪ್ಪತ್ತು ದಾಟಿದ ಒಬ್ಬ ವೃದ್ಧೆಯು ಚೀಟಿಗಳ ಕಟ್ಟನ್ನು ಹಿಡಿದು ಬಂದಿದ್ದರು. ಕಿಟಕಿಯ ಹುಡುಗನು ಅವುಗಳನ್ನು ತಿರುವಿಹಾಕಿ, “ಅಜ್ಜಿ, ಹೆಸರು ಮ್ಯಾಚ್ ಆಗ್ತಿಲ್ಲ, ಸಿಸ್ಟಮ್ ತಗೊಳ್ಳಲ್ಲ ಅಂತೈತೆ” ಎಂದನು. ವೃದ್ಧೆಯು ಸ್ವಲ್ಪವೂ ಕೋಪಿಸಿಕೊಳ್ಳದೆ, “ಅದ್ಯಾರಪ್ಪ ಸಿಸ್ಟಮ್ಮು? ಅವನತ್ರಾನೇ ಕರ್ಕೊಂಡೋಗು ಮಗ, ನನ್ನ ಮಕ ನೋಡಿದ್ರೆ ಗುರುತು ಹಿಡೀತಾನೆ” ಎಂದರು. ಅಲ್ಲಿದ್ದವರು ನಕ್ಕರು. ನಮಗೆ ನಗೆ ಬರಲಿಲ್ಲ. ಅವರ ಪ್ರಶ್ನೆಯಲ್ಲಿ ಹಾಸ್ಯವೇನಿದೆ? ಮನುಷ್ಯಳೊಬ್ಬಳು ಎದುರಿಗೆ ನಿಂತಿರುವಾಗ ಅವಳು ಅವಳಲ್ಲವೆಂದು ಹೇಳುವವನು ಯಾರು, ಅವನು ಎಲ್ಲಿರುವನು, ಎಂದು ಕೇಳುವ ಹಕ್ಕು ಅವರಿಗಿತ್ತು. ಉತ್ತರ ಕೊಡುವವರು ಆ ಕೊಠಡಿಯಲ್ಲಿ ಇರಲಿಲ್ಲ. ಹುಡುಗನಿಗೆ ತಿದ್ದುವ ಅಧಿಕಾರವಿಲ್ಲ. ಅಧಿಕಾರವಿದ್ದವರಿಗೆ ಅಜ್ಜಿಯ ಮುಖ ಕಾಣುವುದಿಲ್ಲ.

ಪರದೇಶಕ್ಕೆ ಹೋದ ನಮ್ಮ ಮಕ್ಕಳೂ ಈ ಪಾಡಿಗೆ ಹೊರತಲ್ಲ. ನಮ್ಮ ಕಡೆ ಕುಲನಾಮವಿಟ್ಟುಕೊಳ್ಳುವ ಪದ್ಧತಿಯು ಕಡಮೆ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ, ಬಳಿಕ ತನ್ನ ಹೆಸರು, ಅಷ್ಟೇ. ಯೂರೋಪಿನ ರೂಢಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ತಂತ್ರಾಂಶವಾದರೋ ಎರಡು ಮನೆಗಳನ್ನು ಬಿಡಿಸಿ, ಎರಡನ್ನೂ ತುಂಬಲೇಬೇಕೆಂದು ಹಟ ಹಿಡಿಯುವುದು. ಒಂದೇ ಹೆಸರುಳ್ಳ ರಹದಾರಿಯನ್ನು ಹಿಡಿದು ಹೋದವನಿಗೆ ಅಮೆರಿಕದವರು ಕೊಡುವ ವೀಸಾದಲ್ಲಿ ಅವನ ಹೆಸರನ್ನು ಕುಲನಾಮದ ಮನೆಗೆ ತಳ್ಳಿ, ಸ್ವಂತ ಹೆಸರಿನ ಮನೆಯಲ್ಲಿ ‘ಎಫ್. ಎನ್. ಯು.’ ಎಂದು ಬರೆಯುವರು. ‘ಮೊದಲ ಹೆಸರು ತಿಳಿಯದು’ ಎಂಬುದಕ್ಕೆ ಅದು ಸಂಕೇತ. ತಂದೆತಾಯಿಗಳು ತೊಟ್ಟಿಲಿನಲ್ಲಿ ಮಲಗಿಸಿ ಕಿವಿಯಲ್ಲಿ ಹೇಳಿದ ಹೆಸರು ಕಣ್ಣೆದುರಿಗಿದ್ದರೂ ತಿಳಿಯದೆಂದು ಬರೆಯುವುದು ಎಂಥ ವಿದ್ಯೆ! ಆ ಮೂರು ಅಕ್ಷರಗಳು ಮುಂದೆ ಬ್ಯಾಂಕಿನಲ್ಲಿಯೂ ವಾಹನದ ಪರವಾನಗಿಯಲ್ಲಿಯೂ ಅವನ ಹೆಸರಾಗಿಯೇ ಅಂಟಿಕೊಳ್ಳುವುದುಂಟು.

ಇಷ್ಟೆಲ್ಲ ಹೇಳಿದುದರಿಂದ ನಾವು ಯಂತ್ರದ್ವೇಷಿಗಳೆಂದು ವಾಚಕರು ಭಾವಿಸಬಾರದು. ದೋಷವಿರುವುದು ಯಂತ್ರದಲ್ಲಲ್ಲ, ಯಂತ್ರವು ಹೇಳಿದ್ದನ್ನು ಸಾಕ್ಷಿಯ ಮಾತಿನಂತೆ ನಂಬುವ ನಮ್ಮ ಅಭ್ಯಾಸದಲ್ಲಿ. ಯಂತ್ರವು ಸಾಕ್ಷಿಯಲ್ಲ, ಲಿಪಿಕಾರ. ತಾಳೆಗರಿಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದವರು ಕೊನೆಯ ಗರಿಯಲ್ಲಿ, ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷವು ನನ್ನದಲ್ಲ, ಎಂಬರ್ಥದ ಒಂದು ಬಿನ್ನಹವನ್ನು ಬರೆದು ಮುಗಿಸುತ್ತಿದ್ದರು. ಅದನ್ನು ಓದಿದ ಪಂಡಿತನು ಎಚ್ಚರಗೊಂಡು, ಬೇರೆ ಪ್ರತಿಗಳನ್ನು ತರಿಸಿ ಹೋಲಿಸಿ ನೋಡುತ್ತಿದ್ದನು. ಗಣಕಯಂತ್ರವೂ ಕಂಡಂತೆ ಬರೆಯುವ ಲಿಪಿಕಾರನೇ. ಆದರೆ ಅದು ಬಿನ್ನಹವನ್ನು ಬರೆಯುವುದಿಲ್ಲ. ಅದರ ಅಚ್ಚು ಅಕ್ಷರಗಳು ದುಂಡಾಗಿಯೂ ನಿಸ್ಸಂಶಯವಾಗಿಯೂ ಇರುವುದರಿಂದ, ಓದಿದವನಿಗೆ ಬೇರೆ ಪ್ರತಿಯನ್ನು ನೋಡಬೇಕೆಂಬ ಬುದ್ಧಿಯೇ ಹುಟ್ಟುವುದಿಲ್ಲ.

ಈ ನಂಬಿಕೆಯು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಅಂಚೆಮನೆಗಳ ಕಥೆಯೇ ಸಾಕು. ಅಲ್ಲಿ 1999ರಿಂದ ‘ಹೊರೈಝನ್’ ಎಂಬ ಲೆಕ್ಕದ ತಂತ್ರಾಂಶವನ್ನು ಅಂಚೆಮನೆಗಳಲ್ಲಿ ಸ್ಥಾಪಿಸಿದರು. ಹಳ್ಳಿಯ ಅಂಚೆಮನೆಗಳನ್ನು ನಡೆಸುತ್ತಿದ್ದ ಗೃಹಸ್ಥರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಕೊರತೆ ಕಾಣತೊಡಗಿತು. ‘ಹಣವನ್ನು ನಾವು ಮುಟ್ಟಿಲ್ಲ, ಯಂತ್ರದ ಲೆಕ್ಕ ತಪ್ಪು’ ಎಂದು ಅವರು ಹೇಳಿದರು, ಯಾರೂ ಕೇಳಲಿಲ್ಲ. ಗಣಕಯಂತ್ರವು ತಪ್ಪೆಂದು ತೋರಿಸುವವರೆಗೆ ಅದನ್ನು ಸರಿಯೆಂದೇ ಭಾವಿಸತಕ್ಕುದೆಂಬ ನ್ಯಾಯವು ಆ ದೇಶದಲ್ಲಿತ್ತು. ತೋರಿಸುವ ಸಾಧನವಾದರೋ ಆ ಬಡಪಾಯಿಗಳ ಕೈಯಲ್ಲಿರಲಿಲ್ಲ. 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಕಳವು, ಸುಳ್ಳುಲೆಕ್ಕ ಮೊದಲಾದ ಅಪರಾಧಗಳು ಸ್ಥಾಪಿತವಾದವು. ಕೆಲವರು ಸೆರೆಮನೆಗೆ ಹೋದರು. ಮನೆಮಾರು ಕಳೆದುಕೊಂಡವರು ಬಹಳ. ಆಲನ್ ಬೇಟ್ಸ್ ಎಂಬವರ ಮುಂದಾಳುತನದಲ್ಲಿ ನಡೆದ ವ್ಯಾಜ್ಯದಲ್ಲಿ 2019ರಲ್ಲಿ ನ್ಯಾಯಾಲಯವು ತಂತ್ರಾಂಶದಲ್ಲಿಯೇ ದೋಷವಿತ್ತೆಂದು ತೀರ್ಪು ಕೊಟ್ಟಿತು. 2024ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನೇ ಮಾಡಿ ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ಅಳಿಸಿತು. ಆ ವೇಳೆಗೆ ಅನೇಕರು ಕಾಲವಾಗಿದ್ದರು.

ಪ್ರಾಮಾಣಿಕವಾಗಿ ತಪ್ಪನ್ನು ನಿರ್ವಹಿಸುವುದು ಹೇಗೆಂಬುದಕ್ಕೂ ಒಂದು ದೃಷ್ಟಾಂತವುಂಟು. ಅದು ನಮ್ಮ ಅಕ್ಷರಮಾಲೆಯಲ್ಲಿಯೇ ಇದೆ. ಹಳಗನ್ನಡವನ್ನು ಓದಿದವರು ‘ೞ’ ಎಂಬ ರಳವನ್ನು ಬಲ್ಲರು. ಯೂನಿಕೋಡಿನಲ್ಲಿ ಅದಕ್ಕೆ 3294ನೆಯ ಸ್ಥಾನವನ್ನು ಕೊಟ್ಟಿರುವರು. ಆದರೆ ಹೆಸರಿಡುವಾಗ ಪರದೇಶದವರು ಅದನ್ನು ಏನೆಂದು ತಿಳಿದರೋ, ‘ಕನ್ನಡದ ಫ ಅಕ್ಷರ’ವೆಂದು ನಮೂದಿಸಿಬಿಟ್ಟರು. ನಮ್ಮ ರಳಕ್ಕೂ ಇಂಗ್ಲಿಷಿನ ಎಫ್ ಅಕ್ಷರದ ಧ್ವನಿಗೂ ಆಕಾಶಪಾತಾಳಗಳ ಅಂತರ. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬುದು ಆ ಸಂಸ್ಥೆಯ ನಿಯಮ. ಬದಲಾಯಿಸಿದರೆ ಅದನ್ನು ನಂಬಿ ಮಾಡಿದ ಇತರ ತಂತ್ರಾಂಶಗಳು ಕೆಡುವುವು. ಆದಕಾರಣ ಅವರು ತಪ್ಪನ್ನು ಮುಚ್ಚಿಡದೆ, ಹಳೆಯ ಹೆಸರಿನ ಪಕ್ಕದಲ್ಲಿಯೇ ಇದು ತಪ್ಪು, ಸರಿಯಾದ ಹೆಸರು ಇಂಥದು, ಎಂದು ತಿದ್ದುಪಡಿಯನ್ನು ಶಾಶ್ವತವಾಗಿ ಸೇರಿಸಿದರು. ಪಾಪ, ನಮ್ಮ ರಳಕ್ಕೆ ಸಿಕ್ಕಿದಷ್ಟು ನ್ಯಾಯವಾದರೂ ಕಿಟಕಿಯ ಮುಂದೆ ನಿಂತ ಆ ಅಜ್ಜಿಗೆ ಸಿಕ್ಕಬೇಡವೇ? ಹೆಸರು ಕೊಂಚ ಭಿನ್ನವಾಗಿದ್ದರೆ ಹಣವನ್ನು ನಿಲ್ಲಿಸುವುದಕ್ಕೆ ಬದಲಾಗಿ, ‘ಈಕೆಯೇ ಆಕೆ’ ಎಂದು ಒಂದು ಟಿಪ್ಪಣಿಯನ್ನು ಸೇರಿಸುವ ಅಧಿಕಾರವನ್ನು ಊರಿನ ಗ್ರಾಮ ಆಡಳಿತಾಧಿಕಾರಿಗೆ, ಇಬ್ಬರು ನೆರೆಯವರ ಸಾಕ್ಷಿಯ ಮೇಲೆ, ಕೊಡುವುದರಲ್ಲಿ ಯಾವ ಪ್ರಮಾದವಿದೆಯೋ ನಮಗೆ ತಿಳಿಯದು. ಹಣವು ಅಪಾತ್ರರ ಪಾಲಾಗುವುದೆಂದು ಭಯಪಡುವರು. ಪಾತ್ರರಿಗೆ ತಪ್ಪಿಹೋಗುವುದನ್ನು ಕುರಿತು ಅಷ್ಟೇ ಭಯವಿದ್ದರೆ ಆ ಮಾತನ್ನು ಒಪ್ಪಬಹುದಾಗಿತ್ತು.

ಕಾನೂನು ಈ ದಿಕ್ಕಿಗೆ ನಿಧಾನವಾಗಿ ಹೆಜ್ಜೆಯಿಡುತ್ತಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ನಿವೃತ್ತರಾಗಿ, ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಮತದಿಂದ, ಮನುಷ್ಯನ ಖಾಸಗಿತನವು ಮೂಲಭೂತವಾದ ಹಕ್ಕೆಂದು ಘೋಷಿಸಿದರು. 2018ರಲ್ಲಿ ಸರಕಾರದ ಸಹಾಯಧನಗಳಿಗೆ ಆಧಾರನ್ನು ಕೇಳುವುದು ಸಮ್ಮತವೆಂದೂ, ಖಾಸಗಿ ಕಂಪೆನಿಗಳು ಅದನ್ನು ಕಡ್ಡಾಯವಾಗಿ ಕೇಳತಕ್ಕುದಲ್ಲವೆಂದೂ ತೀರ್ಪಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಶಾಸನದಲ್ಲಿ, ತನ್ನ ವಿಷಯವಾಗಿ ಬರೆದಿಟ್ಟದ್ದನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಸ್ಪಷ್ಟವಾಗಿ ಬರೆದಿರುವರು. ಅದರ ನಿಯಮಗಳು 2025ರಲ್ಲಿ ಹೊರಟಿವೆ. ಸರಕಾರಕ್ಕೆ ಹಲವು ವಿನಾಯಿತಿಗಳನ್ನು ಇಟ್ಟುಕೊಂಡಿರುವುದು ಮಾತ್ರ ನಮಗೆ ಹಿಡಿಸಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಬರೆದಿಟ್ಟುಕೊಂಡಿರುವವನೇ ಸರಕಾರವಲ್ಲವೇ.

ಶಾಸನದ ಫಲವು ಹಳ್ಳಿಗೆ ಬರುವವರೆಗೆ ಗೃಹಸ್ಥನು ಮಾಡಬಹುದಾದ ಕೆಲಸಗಳು ಕೆಲವಿವೆ. ಅವುಗಳಿಗೆ ಯಂತ್ರಜ್ಞಾನವೇನೂ ಬೇಡ. ಅರ್ಜಿಯನ್ನು ಬೇರೆಯವರಿಂದ ತುಂಬಿಸುವಾಗ ‘ಆಯಿತು’ ಎಂಬ ಕೀಲಿಯನ್ನು ಒತ್ತುವ ಮೊದಲು ಒಂದು ನಿಮಿಷ ನಿಲ್ಲಿಸಿ, ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿಸಬೇಕು. ಹುಡುಗರು ಬೇಸರಪಡುವರು, ಪಡಲಿ. ಮಗುವಿಗೆ ಜನನಪತ್ರ ಮಾಡಿಸುವ ದಿನವೇ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೆಸರಿನ ವರ್ಣಸಂಯೋಜನೆಯನ್ನು ಒಂದೇ ಸಲ ನಿಶ್ಚಯಿಸಿ, ದೇವರಮನೆಯ ಪಂಚಾಂಗದ ಹಿಂದೆಯಾದರೂ ಸರಿ, ಬರೆದಿಟ್ಟುಕೊಂಡು, ಶಾಲೆಯಿಂದ ಹಿಡಿದು ಎಲ್ಲ ಕಡೆಯೂ ಅದನ್ನೇ ಕೊಡಬೇಕು. ಆಧಾರಿನಲ್ಲಿ ಹೆಸರನ್ನು ತಿದ್ದಿಸುವುದಕ್ಕೆ ಆಯುಷ್ಯದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ ಸಲ. ಆದ್ದರಿಂದ ಅವಸರದಲ್ಲಿ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ತಿದ್ದಿಸಿ ಆ ಅವಕಾಶವನ್ನು ಕಳೆದುಕೊಳ್ಳಬಾರದು. ಸೇವಾಕೇಂದ್ರದವನು ಎಷ್ಟೇ ಪರಿಚಿತನಾಗಿರಲಿ, ಮೊಬೈಲಿಗೆ ಬಂದ ಗುಪ್ತಸಂಖ್ಯೆಯು ಯಾವ ಕೆಲಸಕ್ಕೆ ಬಂದದ್ದೆಂದು ಓದಿಕೊಳ್ಳದೆ ಅವನಿಗೆ ಹೇಳತಕ್ಕುದಲ್ಲ. ಅದು ಬರಿಯ ಕಾಗದದ ಮೇಲೆ ಹಾಕಿದ ಹೆಬ್ಬೆಟ್ಟಿಗೆ ಸಮಾನ.

ಹಳೆಯ ಕಾಗದಗಳ ವಿಷಯದಲ್ಲಿ ಒಂದು ಮಾತು. ಎಲ್ಲವೂ ಯಂತ್ರದಲ್ಲಿದೆಯೆಂಬ ಧೈರ್ಯದಿಂದ ಕೈಬರಹದ ಪಹಣಿ, ಕಂದಾಯದ ರಸೀದಿ, ಕ್ರಯಪತ್ರಗಳನ್ನು ಒಲೆಗೆ ಹಾಕಿದ ಮನೆಗಳುಂಟು. ಯಂತ್ರದ ಹೆಸರು ತಪ್ಪೆಂದು ತೋರಿಸುವುದಕ್ಕೆ ಇರುವ ಸಾಕ್ಷಿಯೇ ಅವು. ತಾಲ್ಲೂಕು ಕಚೇರಿಗಳ ದಾಖಲೆಕೊಠಡಿಗಳಲ್ಲಿರುವ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಚಿತ್ರಹಿಡಿದು ಇಡುವ ಕೆಲಸವನ್ನು ‘ಭೂ ಸುರಕ್ಷಾ’ ಎಂಬ ಹೆಸರಿನಿಂದ ಕಂದಾಯ ಇಲಾಖೆಯವರು ಕೈಗೊಂಡಿರುವರು. ಇಲಿ, ಗೆದ್ದಲು, ಕಳ್ಳಗೈಗಳಿಂದ ಉಳಿದ ಪುಟಗಳು ಇದರಿಂದ ಇನ್ನಷ್ಟು ಕಾಲ ಉಳಿಯುವುವು. ಅಚ್ಚಿನ ಪಹಣಿಯಲ್ಲಿ ಸಂಶಯವಿದ್ದವರು ಆ ಹಳೆಯ ಪುಟದ ನಕಲನ್ನು ಕೇಳಿ ಪಡೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಮನೆಯ ಹಿರಿಯರಿಗೆ ಓದಿಹೇಳಲಿ. ತಪ್ಪು ಕಂಡರೆ, ಆ ಹಿರಿಯರು ಎದ್ದು ಓಡಾಡುತ್ತಿರುವಾಗಲೇ ಅರ್ಜಿಯನ್ನು ಕೊಡುವುದು ಮೇಲು. ಅವರು ಇಲ್ಲವಾದ ಮೇಲೆ ಅದೇ ತಿದ್ದುಪಡಿಗೆ ಮರಣಪತ್ರ, ವಂಶವೃಕ್ಷ, ಎಲ್ಲ ಅಣ್ಣತಮ್ಮಂದಿರ, ಅಕ್ಕತಂಗಿಯರ ರುಜು ಬೇಕಾಗುವುದು, ಮತ್ತು ಅವರಲ್ಲಿ ಒಬ್ಬರಾದರೂ ಬೆಂಗಳೂರಿನಲ್ಲಿ ಇದ್ದೇ ಇರುವರು.